ತಣ್ಣೀರಿನ ಕೊನೆಯ ಪಟ್ಟಿ

ಆಫೀಸಿನಲ್ಲಿ ನನ್ನ ಹೆಸರು ತಣ್ಣೀರು. ಬೆನ್ನ ಹಿಂದೆ ಕರೆಯುವ ಹೆಸರಲ್ಲ, ಮುಖಕ್ಕೇ ಕರೆಯುತ್ತಾರೆ. ಮೊದಲ ವರ್ಷ ಸಿಟ್ಟು ಬರುತ್ತಿತ್ತು, ಎರಡನೇ ವರ್ಷ ಜಗಳವಾಡಿದೆ, ಮೂರನೇ ವರ್ಷದ ಹೊತ್ತಿಗೆ ಫೋನ್ ಎತ್ತಿಕೊಂಡು ನಾನೇ "ತಣ್ಣೀರು ಮಾತಾಡ್ತಿದ್ದೀನಿ" ಅನ್ನುವ ಮಟ್ಟಕ್ಕೆ ಬಂದೆ.

ನಮ್ಮ ಕೆಲಸ ಸೂರ್ಯನನ್ನು ಕಾಯುವುದು. ಭೂಮಿಯ ಸುತ್ತ ಸುತ್ತುತ್ತಾ ಸೂರ್ಯನನ್ನೇ ದಿಟ್ಟಿಸುವ ಒಂದು ದೂರದರ್ಶಕ ನಮ್ಮದು. ಬಲು ಚುರುಕು ಕಣ್ಣು, ಆದರೆ ಸಣ್ಣ ಕಣ್ಣು. ಸೂರ್ಯನನ್ನು ಊಟದ ತಟ್ಟೆ ಅಂದುಕೊಂಡರೆ ಅದಕ್ಕೆ ಒಮ್ಮೆಗೆ ಕಾಣುವುದು ಒಂದು ಬಿಸ್ಕತ್ತಿನಷ್ಟು ಜಾಗ. ಆ ಬಿಸ್ಕತ್ತು ತಟ್ಟೆಯ ಯಾವ ಮೂಲೆಯಲ್ಲಿರಬೇಕು ಎಂದು ದಿನಕ್ಕೊಬ್ಬರಂತೆ ಪಾಳಿಯ ಮೇಲೆ ಐದು ಜನ ತೀರ್ಮಾನಿಸುತ್ತೇವೆ. ಸೂರ್ಯನ ಮೈಮೇಲೆ ಕಪ್ಪು ಕಲೆಗಳಿರುತ್ತವಲ್ಲ, ಅವುಗಳಲ್ಲಿ ಯಾವುದೋ ಒಂದು ಇದ್ದಕ್ಕಿದ್ದಂತೆ ಸಿಡಿದು ಜ್ವಾಲೆ ಎಬ್ಬಿಸುತ್ತದೆ. ಯಾವುದು, ಯಾವಾಗ ಎಂದು ಯಾರಪ್ಪನಿಗೂ ಗೊತ್ತಿಲ್ಲ. ಬೆಳಿಗ್ಗೆ ಒಂದು ಕಲೆಯನ್ನು ಆರಿಸಿ ಪಟ್ಟಿ ಬರೆಯಬೇಕು, ಮಧ್ಯಾಹ್ನ ಮೇಲೆ ಕಳುಹಿಸಬೇಕು, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು.

ಜ್ವಾಲೆಗಳಲ್ಲಿ ಸಿ ಅಂದರೆ ಸಣ್ಣದು, ಎಂ ಅಂದರೆ ನಡುವಿನದು, ಎಕ್ಸ್ ಅಂದರೆ ದೊಡ್ಡದು. ನಮ್ಮ ದೂರದರ್ಶಕ ಎಕ್ಸ್ ಒಂದನ್ನು ಹಿಡಿದಾಗಲೆಲ್ಲ ಅದು ದಾಖಲೆ ಪುಸ್ತಕಕ್ಕೆ ಹೋಗುತ್ತದೆ. ಕೊನೆಯ ಕಾಲಂನಲ್ಲಿ ಆ ದಿನದ ಪಟ್ಟಿ ಬರೆದವರ ಹೆಸರು. ಒಂಬತ್ತು ವರ್ಷಗಳಲ್ಲಿ ನಾನು ಬರೆದದ್ದು ನಾನೂರ ಮೂವತ್ತು ಪಟ್ಟಿ. ಆ ಕಾಲಂನಲ್ಲಿ ನನ್ನ ಹೆಸರು ಒಂದು ಸಲವೂ ಇಲ್ಲ. ನಾನು ನೋಡಲು ಶುರುಮಾಡಿದ ಕ್ಷಣ ಎಂಥ ರೊಚ್ಚಿಗೆದ್ದ ಕಲೆಯೂ ತೆಪ್ಪಗಾಗುತ್ತದೆ. ಮಾರನೇ ದಿನ ಬೇರೊಬ್ಬರು ಬಂದು ಅದನ್ನೇ ನೋಡಿದರೆ ಢಮಾರ್ ಅನ್ನುತ್ತದೆ. ಬಾಹ್ಯಾಕಾಶ ಯಾತ್ರಿಗಳು ನೌಕೆಯಿಂದ ಹೊರಗೆ ಬಂದು ಕೆಲಸ ಮಾಡುವ ದಿನ, ಜ್ವಾಲೆಯ ವಿಕಿರಣ ಅವರಿಗೆ ತಾಗದಿರಲೆಂದು, ಅವರ ವೈದ್ಯರು ನಮಗೆ ಫೋನ್ ಮಾಡಿ, ದಯವಿಟ್ಟು ಇವತ್ತು ಆ ಹೆಂಗಸನ್ನೇ ಕೂರಿಸಿ ಎಂದು ಕೇಳಿದ್ದೂ ಉಂಟು. ತಮಾಷೆಗೇ ಕೇಳಿದರು ಅನ್ನಿ.

ಇನ್ನು ಬಂಪರ್, ಲಾಟರಿಯ ಬಂಪರ್ ಬಹುಮಾನದಿಂದ ಬಂದ ಹೆಸರು. ಅವನೂ ನಮ್ಮ ಐವರಲ್ಲಿ ಒಬ್ಬ, ನನ್ನ ವಯಸ್ಸಿನವನೇ. ಅವನ ಹೆಸರಲ್ಲಿ ಹದಿನೇಳು ಎಕ್ಸ್ ಇವೆ. ನಾನು ಕಾಂತಕ್ಷೇತ್ರದ ನಕ್ಷೆಗಳನ್ನೆಲ್ಲ ಹರವಿಕೊಂಡು, ಮೂರು ಗಂಟೆ ಲೆಕ್ಕ ಹಾಕಿ, ತಲೆ ಕೆರೆದು ಕೆರೆದು ಒಂದು ಕಲೆ ಆರಿಸುತ್ತೇನೆ. ಅವನು ಸೇಬು ಕಚ್ಚುತ್ತಾ ಬಂದು, ಪರದೆಯನ್ನು ಎರಡು ನಿಮಿಷ ನೋಡಿ, ಇದು ಅಂತ ಬೆರಳು ತೋರಿಸುತ್ತಾನೆ. ಸಿಡಿಯುತ್ತದೆ. ಯಾಕೆ ಇದನ್ನೇ ಆರಿಸಿದೆ ಎಂದರೆ, ಯಾಕೋ ಹಾಗೆ ಅನ್ನಿಸಿತು ಅನ್ನುತ್ತಾನೆ. ಮನುಷ್ಯ ಕೆಟ್ಟವನಲ್ಲ, ಅದೇ ಇನ್ನೂ ತೊಂದರೆ. ಕೆಟ್ಟವನಾಗಿದ್ದರೆ ನೆಮ್ಮದಿಯಿಂದ ದ್ವೇಷಿಸಬಹುದಿತ್ತು.

ನಾನು ಹೇಳಹೊರಟಿರುವುದು ಒಂದು ಶುಕ್ರವಾರದ ಕಥೆ. ಸೋಮವಾರದಿಂದ ಪಟ್ಟಿ ಬರೆಯುವ ಕೆಲಸ ಒಂದು ಕಂಪ್ಯೂಟರ್ ಪ್ರೋಗ್ರಾಮಿನ ಪಾಲಾಗುವುದಿತ್ತು. ನಮ್ಮ ಕೆಲಸ ಹೋಗುವುದಿಲ್ಲ, ಬಂದ ಚಿತ್ರಗಳನ್ನು ತಿದ್ದಿ ಜೋಡಿಸುವ ಪಕ್ಕದ ಕೋಣೆಗೆ ಹೋಗುತ್ತೇವೆ, ಅಷ್ಟೇ. ಶುಕ್ರವಾರದ ಪಟ್ಟಿ ಸೋಮವಾರದವರೆಗೆ ಮೂರು ದಿನ ನಡೆಯುತ್ತದೆ, ಏಕೆಂದರೆ ಶನಿವಾರ, ಭಾನುವಾರ ಮೇಲಕ್ಕೆ ಆದೇಶ ಕಳುಹಿಸುವ ಆಂಟೆನಾ ಬೇರೆಯವರ ಪಾಲು. ಹಾಗಾಗಿ ಮನುಷ್ಯರು ಬರೆಯುವ ಕಟ್ಟಕಡೆಯ ಪಟ್ಟಿ ಆ ಶುಕ್ರವಾರದ್ದು. ಪಾಳಿ ನನ್ನದು.

ನನಗೆ ಒಂದು ಎಕ್ಸ್ ಬೇಕಿತ್ತು. ಒಂದೇ ಒಂದು. ವಿಜ್ಞಾನ, ಸಂಸ್ಥೆಯ ಕೀರ್ತಿ ಅಂತೆಲ್ಲ ಸುತ್ತಿ ಬಳಸಿ ಹೇಳುವುದಿಲ್ಲ, ಆ ಕಾಲಂನಲ್ಲಿ ನನ್ನ ಹೆಸರು ಬೇಕಿತ್ತು. ಸೋಮವಾರದ ನಂತರ ಆ ಕಾಲಂನಲ್ಲಿ ಮನುಷ್ಯರ ಹೆಸರೇ ಬರುವುದಿಲ್ಲ.

ಸೂರ್ಯನೂ ಆ ವಾರ ನನ್ನ ಪರವಾಗಿದ್ದ. ಪೂರ್ವದ ಅಂಚಿನಿಂದ ಒಂದು ಕಲೆ ತಿರುಗಿಕೊಂಡು ಬಂತು ನೋಡಿ, ಅಬ್ಬಬ್ಬಾ! ಹತ್ತು ಭೂಮಿಗಳನ್ನು ಸಾಲಾಗಿ ಇಟ್ಟರೂ ಜಾಗ ಉಳಿಯುತ್ತಿತ್ತು. ಮೂರು ದಿನದೊಳಗೆ ಎಕ್ಸ್ ಆಗುವ ಸಾಧ್ಯತೆ ನೂರಕ್ಕೆ ಎಪ್ಪತ್ತು ಎಂದು ಮುನ್ಸೂಚನೆ. ಒಂಬತ್ತು ವರ್ಷದಲ್ಲಿ ನಾನು ಎಪ್ಪತ್ತು ಎಂಬ ಅಂಕಿಯನ್ನೇ ಕಂಡಿರಲಿಲ್ಲ.

ಅಂದು ಬೆಳಿಗ್ಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಡಗಾಲಿಗೆ ಕಪ್ಪು ಸಾಕ್ಸು, ಬಲಗಾಲಿಗೆ ಮಗಳದ್ದು. ಹಲ್ಲಿನ ಸೆಟ್ ಮಾಡುವ ನನ್ನ ಗಂಡ ಊರಿನವರಿಗೆಲ್ಲ ಬಾಯಿ ತುಂಬ ಹಲ್ಲು ಮಾಡಿಕೊಡುತ್ತಾನೆ, ತಾನು ಮಾತ್ರ ಬಾಯಿ ಬಿಡುವುದೇ ಅಪರೂಪ. ಅವನೂ ಅಂದು ನನ್ನನ್ನು ನೋಡಿ, ಸ್ವಲ್ಪ ಕೂತ್ಕೋ ಮಾರಾಯ್ತಿ ಅಂದ. ಎರಡನೇ ತರಗತಿಯಲ್ಲಿರುವ ಮಗಳು ನಮ್ಮಮ್ಮ ನೋಡಿದರೆ ಸೂರ್ಯನೂ ಸುಮ್ಮನಾಗುತ್ತಾನೆ ಎಂದು ಶಾಲೆಯಲ್ಲಿ ಡಂಗುರ ಸಾರಿದ್ದಳು. ಅವಳ ಟೀಚರು ನನ್ನನ್ನು ಕಂಡಾಗಲೆಲ್ಲ, ಒಂದು ದಿನ ಬಂದು ನಮ್ಮ ತರಗತಿಯ ಕಡೆಗೂ ನೋಡಿ ಹೋಗಿ ಅನ್ನುತ್ತಿದ್ದರು. ಜೀವನವೆಲ್ಲ ಬಟ್ಟೆ ಹೊಲಿದ ನನ್ನ ಅತ್ತೆಗೆ ಫೋನಿನಲ್ಲಿ ಆ ದೊಡ್ಡ ಕಲೆಯನ್ನು ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ಇಷ್ಟು ಚೆನ್ನಾಗಿರೋ ಬಟ್ಟೆ ಮೇಲೆ ಇಸ್ತ್ರಿಪೆಟ್ಟಿಗೆ ಮರೆತು ಹೋದವರು ಯಾರೇ ಎಂದು ಕೇಳಿದರು.

ಆಫೀಸಿಗೆ ಹೋದರೆ ನಮ್ಮವರು ಆಗಲೇ ಕೆಲಸ ಮುಗಿಸಿಟ್ಟಿದ್ದರು. ಆ ಕಲೆಯ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಸುತ್ತ ಹೂವಿನ ಹಾರ ಬರೆದು, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಹಾಕಿ ನನ್ನ ಕುರ್ಚಿಗೆ ಅಂಟಿಸಿದ್ದರು. ತಣ್ಣೀರು ನೋಡಲಿದ್ದಾಳೆ, ಇನ್ನು ಅದರ ಕಥೆ ಮುಗಿಯಿತು ಎಂದು ಅರ್ಥ. ಬೇರೆ ದಿನವಾಗಿದ್ದರೆ ಹರಿದು ಎಸೆಯುತ್ತಿದ್ದೆ. ಅಂದು ನನಗೇ ನಗು ತಡೆಯಲಾಗಲಿಲ್ಲ. ಅದರ ಮೇಲೇ ಒರಗಿ ಕುಳಿತು ಪಟ್ಟಿ ಬರೆದೆ.

ಪಟ್ಟಿ ಬರೆದ ಮೇಲೆ ನಮ್ಮಲ್ಲಿ ಒಂದು ಪದ್ಧತಿ. ಬರೆದವರು ಪ್ರತಿ ಸಂಖ್ಯೆಯನ್ನೂ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅದನ್ನು ತಮ್ಮ ಪ್ರತಿಯಲ್ಲಿ ನೋಡಿ ಗಟ್ಟಿಯಾಗಿ ಒಪ್ಪಬೇಕು. ಅಂದು ಒಪ್ಪುವ ಪಾಳಿ ಬಂಪರ್‌ನದು. ನಾನು ಹಾಡಿದ ಹಾಗೆ ಓದಿಕೊಂಡು ಹೋದೆ, ಅವನು ಸೇಬು ಜಗಿಯುತ್ತಾ ಹೂಂ ಹೂಂ ಅನ್ನುತ್ತಾ ಬಂದ. ಒಂದು ಕಡೆ ಹೂಂ ಬರಲಿಲ್ಲ.

"ಮೈನಸ್ ಎಲ್ಲಿ?" ಅಂದ.

ಸೂರ್ಯನ ನಕ್ಷೆಯಲ್ಲಿ ಪೂರ್ವ ಎಡಗಡೆಗೆ, ಪೂರ್ವಕ್ಕೆ ಹೋಗುವ ಸಂಖ್ಯೆಗೆ ಮುಂದೆ ಮೈನಸ್. ಮೊದಲ ವಾರ ಕೆಲಸಕ್ಕೆ ಬಂದವರಿಗೂ ಗೊತ್ತಿರುವ ವಿಷಯ. ಒಂಬತ್ತು ವರ್ಷದವಳು ನಾನು, ಸಂತೋಷದ ಭರದಲ್ಲಿ ಆ ಒಂದು ಗೆರೆಯನ್ನು ನುಂಗಿಹಾಕಿದ್ದೆ. ಪಟ್ಟಿ ಹಾಗೇ ಹೋಗಿದ್ದರೆ ದೂರದರ್ಶಕ ದೊಡ್ಡ ಕಲೆಯನ್ನು ಬಿಟ್ಟು ಸರಿಯಾಗಿ ಎದುರು ದಿಕ್ಕಿನಲ್ಲಿ ಏನೂ ಇಲ್ಲದ ಖಾಲಿ ಸೂರ್ಯನನ್ನು ಮೂರು ದಿನ ದಿಟ್ಟಿಸುತ್ತಾ ಕೂರುತ್ತಿತ್ತು. ಬಂಪರ್ ಸುಮ್ಮನೆ ಹೂಂ ಅಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಕೆಟ್ಟವನಲ್ಲ ಎಂದು ಹೇಳಿದೆನಲ್ಲ, ಅದೇ ತೊಂದರೆ. ಥ್ಯಾಂಕ್ಸ್ ಹೇಳುವ ಬದಲು ಬಾಯಿ ತುಂಬಿಕೊಂಡು ಮಾತಾಡಬೇಡ ಎಂದು ಗದರಿಸಿ, ಗೆರೆ ಎಳೆದು, ಮುಂದೆ ಓದಿದೆ.

ಹನ್ನೊಂದಕ್ಕೆ ಪಟ್ಟಿ ಸುರಕ್ಷತಾ ಪರೀಕ್ಷೆಗೆ ಹೋಯಿತು, ಒಂದಕ್ಕೆ ಪಾಸಾಗಿ ಮೊಹರು ಬಿದ್ದು ಬಂತು. ಮೊಹರು ಬಿದ್ದ ಮೇಲೆ ಒಂದು ಅಕ್ಷರ ಬದಲಿಸಬೇಕಾದರೂ ಎರಡು ಗಂಟೆಯ ಪರೀಕ್ಷೆ ಮತ್ತೆ ಮೊದಲಿನಿಂದ. ಮೇಲೆ ಕಳುಹಿಸಲು ಸಿಗುವುದು ಎರಡು ಗಂಟೆ ನಲವತ್ತಕ್ಕೆ, ಒಂಬತ್ತೇ ನಿಮಿಷ. ಅಷ್ಟು ಹೊತ್ತು ದೂರದರ್ಶಕ ನಮ್ಮ ಆಂಟೆನಾಕ್ಕೆ ಎದುರಾಗಿರುತ್ತದೆ, ಆಮೇಲೆ ದಿಗಂತದ ಕೆಳಗೆ ಇಳಿದುಹೋಗುತ್ತದೆ. ಹೊಸ ಪಟ್ಟಿ ಒಳಗೆ ಹೋದ ಕೂಡಲೇ ಹಳೆಯದು ಅಳಿಸಿಹೋಗಿ ದೂರದರ್ಶಕ ಹೊಸ ಜಾಗಕ್ಕೆ ತಿರುಗುತ್ತದೆ. ಏನೂ ಕಳುಹಿಸದಿದ್ದರೆ ಹಳೆಯ ಪಟ್ಟಿಯೇ ಮುಂದುವರಿಯುತ್ತದೆ.

ಹಳೆಯದು ಗುರುವಾರದ ಪಟ್ಟಿ, ಬಂಪರ್‌ನದು. ದೊಡ್ಡ ಕಲೆ ಆಗಲೇ ಕಾಣುತ್ತಿದ್ದರೂ ಅವನು ಪಶ್ಚಿಮದ ಅಂಚಿನ ಹತ್ತಿರ ಒಂದು ಚಿಕ್ಕ ಕಲೆಯನ್ನು ಆರಿಸಿದ್ದ. ಯಾಕಯ್ಯಾ ಎಂದರೆ, ಪಾಪ, ಎಲ್ಲರೂ ಆ ಕಡೆ ನೋಡ್ತಿದ್ದಾರೆ, ಇದು ಒಂಟಿಯಾಗಿದೆ ಅಂದಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಎರಡು ನಲವತ್ತಕ್ಕೆ ಆಂಟೆನಾ ಅಕ್ಕ ಫೋನಿನಲ್ಲಿ ಬಂದಳು. ಅವಳನ್ನು ನಾನು ಕಣ್ಣಾರೆ ಕಂಡವಳಲ್ಲ. ಅವಳಿರುವುದು ಆಂಟೆನಾದ ಬುಡದಲ್ಲಿ, ನಾನಿರುವುದು ಇಲ್ಲಿ. ಒಂಬತ್ತು ವರ್ಷದಿಂದ ಬರೀ ಧ್ವನಿ, ಆದರೂ ಅವಳ ಮಂಡಿನೋವಿನಿಂದ ಹಿಡಿದು ಮಗನ ಸಂಬಂಧದವರೆಗೆ ಎಲ್ಲ ಗೊತ್ತು. ಸಿಗ್ನಲ್ ಸಿಕ್ಕಿತು, ಕಳಿಸೋದಾದ್ರೆ ಕಳಿಸಮ್ಮ ಅಂದಳು. ನಾನು ಮೊಹರು ಬಿದ್ದ ಪಟ್ಟಿಯನ್ನು ತೆರೆದು, ಕೀಲಿಯ ಮೇಲೆ ಬೆರಳಿಟ್ಟೆ. ನಾಟಕದ ಪರದೆ ಏಳುವ ಮುಂಚೆ ಬರುವಂಥ ಗಂಭೀರ ಮುಖ ಮಾಡಿಕೊಂಡು ಒಂದು ಸಲ ಕೆಮ್ಮಿದೆ. ಬಂಪರ್ ನನ್ನ ಮೇಜಿಗೆ ಒರಗಿ ನಿಂತಿದ್ದ.

ಆಗ ಪರದೆಯ ಕೆಳಗಿನ ಗೆರೆ ಅಲುಗಿತು.

ಸಂಪರ್ಕ ಇರುವಷ್ಟು ಹೊತ್ತು ದೂರದರ್ಶಕ ತಾನು ಆ ಕ್ಷಣ ನೋಡುತ್ತಿರುವುದನ್ನು ಚಿಕ್ಕ ಚಿತ್ರಗಳಾಗಿ, ಕ್ಷ-ಕಿರಣದ ಎಣಿಕೆಯನ್ನು ಒಂದು ಗೆರೆಯಾಗಿ ಕೆಳಗೆ ಕಳುಹಿಸುತ್ತದೆ. ಆ ಗೆರೆ ಯಾವಾಗಲೂ ಸತ್ತ ಹಾವಿನಂತೆ ಬಿದ್ದಿರುತ್ತದೆ. ಈಗ ತಲೆ ಎತ್ತಿತು. ಬಂಪರ್‌ನ ಒಂಟಿ ಕಲೆಯ ನಡುವೆ ಒಂದು ಬಿಳಿ ಚುಕ್ಕೆ ಮೂಡಿತ್ತು.

ಸಿ ಇರಬೇಕು ಅಂದೆ. ಸಿಗಳು ದಿನಕ್ಕೆ ಹತ್ತು ಬರುತ್ತವೆ, ಹೋಗುತ್ತವೆ. ಒಂದು ನಿಮಿಷದಲ್ಲಿ ಅದು ಎಂ ಆಯಿತು, ಎಂ ಬಂತು ಎಂದು ಕೂಗಿಕೊಂಡೆ. ಚುಕ್ಕೆ ಹೋಗಿ ಎರಡು ಗೆರೆಗಳಾದವು, ಅವುಗಳ ನಡುವೆ ಸೇತುವೆಯಂತೆ ಒಂದು ಬಳೆ ಎದ್ದಿತು. ಆರು ನಿಮಿಷ ಇದೆ ಎಂದಳು ಆಂಟೆನಾ ಅಕ್ಕ.

ನಾನು ಏನು ಮಾಡಬೇಕು ಹೇಳಿ. ಕೀಲಿ ಒತ್ತಿದರೆ ದೂರದರ್ಶಕ ತಿರುಗಿಬಿಡುತ್ತದೆ, ಈ ಜ್ವಾಲೆ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಒತ್ತದಿದ್ದರೆ ನನ್ನ ಪಟ್ಟಿ ಹೋಗುವುದೇ ಇಲ್ಲ, ಮೂರು ದಿನ ದೊಡ್ಡ ಕಲೆಯನ್ನು ನೋಡುವವರಿಲ್ಲ, ಸೋಮವಾರ ಪ್ರೋಗ್ರಾಮು ಬಂದು ಕೂರುತ್ತದೆ. ಎಂ ಆದವುಗಳಲ್ಲಿ ಹೆಚ್ಚಿನವು ಅಲ್ಲೇ ಸುಸ್ತಾಗಿ ಮಲಗುತ್ತವೆ, ಇದೂ ಮಲಗಬಹುದು. ಮಲಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ, ಸುಳ್ಳೇಕೆ ಹೇಳಲಿ. ಮೇಡಂ, ಅಂದರೆ ನಮ್ಮ ಮುಖ್ಯಸ್ಥೆ, ಗಲಾಟೆ ಕೇಳಿ ಬಾಗಿಲಲ್ಲಿ ಬಂದು ನಿಂತರು. ನಾನು ಅವರ ಮುಖ ನೋಡಿದೆ. ಪಾಳಿ ನಿನ್ನದು, ತೀರ್ಮಾನವೂ ನಿನ್ನದೇ ಎಂದು ಅಲ್ಲೇ ನಿಂತರು. ಯಾರಾದರೂ ಆಜ್ಞೆ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

"ಕಳಿಸು," ಅಂದ ಬಂಪರ್.

"ಏನು?"

"ಕಳಿಸಿಬಿಡು. ನನ್ನ ಹತ್ರ ಹದಿನೇಳಿದಾವೆ, ಇನ್ನೊಂದು ಇಟ್ಕೊಂಡು ಏನು ಮಾಡ್ಲಿ? ದೊಡ್ಡದು ನಿಂದು. ಇದು ಎಂನಲ್ಲೇ ನಿಂತ್ರೂ ನಿಲ್ಲಬಹುದು."

ಅವನು ಹಾಗೆ ಹೇಳದೆ ಇದ್ದಿದ್ದರೆ ನಾನು ಒತ್ತಿಬಿಡುತ್ತಿದ್ದೆನೋ ಏನೋ. ಎಷ್ಟು ಸಿಟ್ಟು ಬಂತೆಂದರೆ ಹೇಳತೀರದು. ಕಿತ್ತಾಡುವವನಾಗಿದ್ದರೆ ಕಿತ್ತಾಡಿ ಗೆಲ್ಲಬಹುದಿತ್ತು, ಬಿಟ್ಟುಕೊಡುವವನ ಹತ್ತಿರ ಏನು ಮಾಡುವುದು? ಗೆರೆ ಮೇಲಕ್ಕೆ ಹೋಗುತ್ತಲೇ ಇತ್ತು. ಎಂ ಮೂರು, ಎಂ ಐದು. ಬಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು, ಹತ್ತು ಸೆಕೆಂಡಿಗೊಂದು ಚಿತ್ರ, ಪ್ರತಿ ಚಿತ್ರದಲ್ಲೂ ಹೊಸದೊಂದು. ನನಗೆ ಗೊತ್ತಿಲ್ಲದೆಯೇ ನಾನು ಎದ್ದು ನಿಂತಿದ್ದೆ. ನಗು ಬರುತ್ತಿತ್ತು, ಹೊಟ್ಟೆಯೊಳಗಿಂದ ಕಾರಣವೇ ಇಲ್ಲದ ನಗು. ಒಂಬತ್ತು ವರ್ಷ ನಾನು ಅಂಕಿಗಳನ್ನು ನೋಡಿದ್ದೆ, ಮಾರನೇ ದಿನ ಬಂದ ತಣ್ಣಗಿನ ಚಿತ್ರಗಳನ್ನು ನೋಡಿದ್ದೆ. ಇದು ಆಗುತ್ತಾ ಇತ್ತು.

"ಒಂದೇ ನಿಮಿಷ ಕಣಮ್ಮಾ," ಎಂದಳು ಆಂಟೆನಾ ಅಕ್ಕ. "ಏನು ಮಾಡ್ತೀಯಾ?"

ನಾನು ಕೀಲಿಯಿಂದ ಬೆರಳು ತೆಗೆದೆ. ಮತ್ತೆ ಅತ್ತ ಹೋಗಬಾರದೆಂದು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ.

"ಏನೂ ಕಳಿಸ್ತಿಲ್ಲ ಅಕ್ಕಾ," ಅಂದೆ. "ಹಾಗೇ ಇರ್ಲಿ."

ಸಂಪರ್ಕ ಕಡಿದು ಪರದೆ ಕಪ್ಪಾಯಿತು. ಬೇರೆ ಉಪಗ್ರಹಗಳ ಎಣಿಕೆ ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೇಲಿರುತ್ತದೆ. ಅದರಲ್ಲಿ ನಾಲ್ಕು ನಿಮಿಷ ಕಳೆದ ಮೇಲೆ ಅಂಕಿ ಗೆರೆ ದಾಟಿತು. ಎಕ್ಸ್ ಒಂದು ಪಾಯಿಂಟ್ ಮೂರು. ಪಕ್ಕದ ಕೋಣೆಯವರೆಲ್ಲ ಓಡಿಬಂದು ಸಂತೆಯ ಗದ್ದಲ. ಯಾರೋ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು, ನಾನು ಯಾರದೋ ಕಾಲು ತುಳಿದೆ, ಶ್ರದ್ಧಾಂಜಲಿಯ ಹಾಳೆ ನನ್ನ ಬೆನ್ನಿಗೇ ಅಂಟಿಕೊಂಡಿದೆ ಎಂದು ಆಗ ಗೊತ್ತಾಯಿತು. ಅಷ್ಟು ಹೊತ್ತೂ ಅದನ್ನು ಹೊತ್ತುಕೊಂಡೇ ಓಡಾಡಿದ್ದೆ. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಹತ್ತಿತು.

ಮೇಡಂ ದಾಖಲೆ ಪುಸ್ತಕ ತೆಗೆದರು. ಬಂಪರ್ ಇಬ್ಬರ ಹೆಸರೂ ಬರೆಯೋಣ ಎಂದು ಹಟ ಹಿಡಿದ. ನನಗೆ ರೇಗಿತು. ಪಟ್ಟಿ ಯಾರದೋ ಅವರ ಹೆಸರು ಬರೆಯುವುದು ಪದ್ಧತಿ, ನನ್ನ ಮೇಲೆ ಕರುಣೆ ತೋರಿಸಿ ಪುಸ್ತಕ ಕೆಡಿಸುವುದು ಬೇಡ ಅಂದೆ, ಬಿಕ್ಕಳಿಸುತ್ತಲೇ. ಅವನ ಹೆಸರೇ ಬಿತ್ತು, ಹದಿನೆಂಟನೆಯದು. ಬಸ್ಸಿನಲ್ಲಿ ಮನೆಗೆ ಬರುವಾಗ ಅರ್ಧ ದಾರಿ ನಗುತ್ತಾ ಬಂದೆ. ಇನ್ನರ್ಧ ದಾರಿ ಅಳು ಬಂತು. ಹೊಟ್ಟೆ ಉರಿಯಿತು ಎಂದರೂ ತಪ್ಪಿಲ್ಲ.

ಶನಿವಾರ ಏನೂ ಆಗಲಿಲ್ಲ. ದೊಡ್ಡ ಕಲೆ ಗಪ್‌ಚಿಪ್. ಸದ್ಯ, ನಾನು ಕಳುಹಿಸಿದ್ದರೂ ಏನೂ ಸಿಗುತ್ತಿರಲಿಲ್ಲ ಎಂದು ಸಮಾಧಾನ ಪಟ್ಟುಕೊಂಡು, ಅತ್ತೆಯ ಹಳೆಯ ಕತ್ತರಿಗಳಿಗೆಲ್ಲ ಎಣ್ಣೆ ಹಾಕಿಕೊಟ್ಟೆ.

ಭಾನುವಾರ ಹನ್ನೊಂದು ಗಂಟೆ. ಅಡುಗೆಮನೆಯಲ್ಲಿ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಹಣೆಯ ಮೇಲಿನ ಕೂದಲು ಕತ್ತರಿಸುತ್ತಿದ್ದೆ. ಫೋನ್ ಗುಂಯ್ ಎಂದಿತು. ದೊಡ್ಡ ಕಲೆ ಸಿಡಿದಿತ್ತು. ಎಕ್ಸ್ ನಾಲ್ಕು, ಐದು ವರ್ಷದಲ್ಲೇ ದೊಡ್ಡದು. ನಮ್ಮ ದೂರದರ್ಶಕ ಆಗ ಪಶ್ಚಿಮದ ಅಂಚಿನಲ್ಲಿ ತಣ್ಣಗಾದ ಚಿಕ್ಕ ಕಲೆಯನ್ನು ನೋಡುತ್ತಾ ಇತ್ತು. ನಾನು ಕತ್ತರಿ ಹಿಡಿದುಕೊಂಡು ಹಾಗೇ ನಿಂತೆ. ಯಾಕಮ್ಮಾ ಎಂದಳು ಮಗಳು. ಏನಿಲ್ಲ, ಅಲುಗಬೇಡ ಅಂದೆ.

ಮತ್ತೆ ಫೋನ್ ಬಂತು. ಬಂಪರ್.

"ನೋಡಿದ್ಯಾ?" ಅಂದ.

"ನೋಡಿದೆ."

"ನಾನು ಅವತ್ತು ಹೇಳಿದ್ದೆ, ಕಳಿಸು ಅಂತ. ಇದು ನಿಂದಾಗಿರೋದು."

ಅಳಬಾರದು ಎಂದುಕೊಂಡೆ. ತಮಾಷೆ ಮಾಡಿದರೆ ಅಳು ಬರುವುದಿಲ್ಲ.

"ಬಿಡೋ," ಅಂದೆ. "ನಾನು ನೋಡ್ತಿದ್ದಿದ್ರೆ ಅದು ಸಿಡೀತಾನೇ ಇರ್ಲಿಲ್ಲ."

ಅವನು ನಗುತ್ತಾನೆ ಎಂದು ಕಾದೆ, ನಗಲಿಲ್ಲ. ಸೇಬು ಕಚ್ಚುವ ಸದ್ದೂ ಇರಲಿಲ್ಲ.

"ಶುಕ್ರವಾರ ನೋಡ್ತಿದ್ದಿದ್ದು ಯಾರು?" ಅಂದ.

"ಅಂದ್ರೆ?"

"ನಾನು ಪರದೆ ಕಡೆ ತಿರುಗ್ಲೇ ಇಲ್ಲ ಕಣೇ. ಎಲ್ಲಿ ಬೆರಳು ಒತ್ತಿಬಿಡ್ತೀಯೋ, ಎಲ್ಲಿ ಒತ್ತದೆ ಇರ್ತೀಯೋ ಅಂತ ನಿನ್ನ ಮುಖಾನೇ ನೋಡ್ತಾ ನಿಂತಿದ್ದೆ. ಮೇಡಂ ಬಾಗಿಲಲ್ಲಿದ್ರು. ಅದು ಆಗ್ತಾ ಇರೋದನ್ನ ನೋಡಿದವಳು ನೀನೊಬ್ಬಳೇ. ಕಣ್ಣು ಮಿಟುಕಿಸ್ಲಿಲ್ಲ ನೀನು, ಆದ್ರೂ ಸಿಡೀತು."

ಶುಕ್ರವಾರದಿಂದ ಅದನ್ನೇ ತಿರುವಿ ಹಾಕುತ್ತಿದ್ದೆ, ಇದೊಂದು ಮಾತ್ರ ತಲೆಗೆ ಹೊಳೆದಿರಲಿಲ್ಲ.

"ನನ್ನ ಹೆಸರಲ್ಲಿ ಹದಿನೆಂಟು ಇದೆ," ಅಂದ ಅವನು. "ಎಲ್ಲಾ ನಾನು ನಿದ್ದೆ ಹೊಡೀತಿದ್ದಾಗ, ಊಟ ಮಾಡ್ತಿದ್ದಾಗ ಆಗಿದ್ದು. ಒಂದನ್ನೂ ಕಂಡಿಲ್ಲ. ಹೇಗಿತ್ತು, ಹೇಳೇ."

ಕತ್ತರಿಯನ್ನು ಮೇಜಿನ ಮೇಲಿಟ್ಟೆ. ಮಗಳ ಹಣೆಯ ಕೂದಲು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಅವಳು ಸ್ಟೂಲಿನಿಂದ ಜಾರಿ ಕನ್ನಡಿ ಹುಡುಕಿಕೊಂಡು ಓಡಿದಳು. ನಾನು ನೆಲದ ಮೇಲೆ ಬಿದ್ದ ಕೂದಲಿನ ನಡುವೆಯೇ ಕುಳಿತುಕೊಂಡೆ. ಮೊದಲು ಒಂದು ಚಿಕ್ಕ ಬಿಳಿ ಚುಕ್ಕೆ ಬಂತು ಕಣೋ ಎಂದು ಶುರುಮಾಡಿದೆ.